ಹತ್ತನೇ ತರಗತಿಯಲ್ಲಿ ಭಾಗಾಕಾರದಿಂದ ಆರಂಭಿಸಿದ್ದು

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ನನ್ನ ಪಾಠದ ಕ್ರಮವನ್ನು ಬದಲಿಸಿಕೊಂಡದ್ದು 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ. ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂದ ಆ ವರ್ಷ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಮ್ಮಲ್ಲಿ ಅನುತ್ತೀರ್ಣರಾದವರಲ್ಲಿ ಹೆಚ್ಚಿನವರು ಗಣಿತದಲ್ಲೇ ಹಿಂದುಳಿದಿದ್ದರು.

ಜೂನ್‌ನಲ್ಲಿ ಹತ್ತನೇ ತರಗತಿಯ ಹೊಸ ಮಕ್ಕಳಿಗೆ ಕೆಳಗಿನ ತರಗತಿಗಳ ಲೆಕ್ಕಗಳನ್ನು ಕೊಟ್ಟು ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡಂಕಿಯ ಸಂಖ್ಯೆಯಿಂದ ಭಾಗಿಸಲು ಬರಲಿಲ್ಲ. ಮುಕ್ಕಾಲಿಗೆ ಅರ್ಧ ಕೂಡಿಸಲು ಹೇಳಿದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿ 4/6 ಎಂದು ಬರೆದರು. ವರ್ಗಸಮೀಕರಣದ ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗಿಯೊಬ್ಬಳು, 'ಬಿ'ಯ ಬೆಲೆ -5 ಆದರೆ ಮೈನಸ್ 'ಬಿ' ಎಷ್ಟು ಎಂದು ಕೇಳಿದಾಗ ಮತ್ತೆ -5 ಎಂದೇ ಉತ್ತರಿಸಿದಳು. ಅವಳು ಎಡವಿದ್ದು ಏಳನೇ ತರಗತಿಯ ಪಾಠದಲ್ಲಿ.

ವಿಜ್ಞಾನದ ಹುದ್ದೆ ಖಾಲಿಯಿದ್ದುದರಿಂದ ಅತಿಥಿ ಶಿಕ್ಷಕರು ಬರುವವರೆಗೆ ಆ ಅವಧಿಗಳೂ ನನ್ನ ಪಾಲಿಗಿದ್ದವು. ಸಂಜೆ ವಿಶೇಷ ತರಗತಿ ಇಟ್ಟರೆ ವಾರದೊಳಗೆ ಹಾಜರಾತಿ ಕುಸಿಯಿತು. ಮನೆಗಳಿಗೆ ಹೋದಾಗ ಕಾರಣ ತಿಳಿಯಿತು: ತಾಯಂದಿರು ಗಾರ್ಮೆಂಟ್ಸ್‌ನಿಂದ ಮರಳುವವರೆಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವವರು, ನೀರು ಹಿಡಿಯುವವರು ತರಗತಿಯ ಹೆಣ್ಣುಮಕ್ಕಳೇ. "ಬೆಳಗ್ಗೆ ಆದ್ರೆ ಕಳಿಸ್ತೀನಿ ಮೇಡಂ" ಎಂದು ಒಬ್ಬ ತಾಯಿ ಹೇಳಿದ ಮೇಲೆ ತರಗತಿಯನ್ನು ಪ್ರಾರ್ಥನೆಗೆ ಮುಂಚಿನ ಮುಕ್ಕಾಲು ಗಂಟೆಗೆ ಬದಲಿಸಿದೆ.

ಅಭ್ಯಾಸದ ಹಾಳೆಗಳ ಜೆರಾಕ್ಸ್‌ಗೆ ಹಣವಿರಲಿಲ್ಲವಾದ್ದರಿಂದ ಕೊಠಡಿಯ ಹಿಂಬದಿಯ ಗೋಡೆಗೆ ಕಪ್ಪು ಬಣ್ಣ ಬಳಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಸೀಮೆಸುಣ್ಣ ಕೊಟ್ಟು ಲೆಕ್ಕ ಬಿಡಿಸಲು ಹೇಳಿದೆ. ಹಣದ ಕೊರತೆಯಿಂದ ಮಾಡಿದ ಈ ಏರ್ಪಾಡೇ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಯಿತು, ಏಕೆಂದರೆ ನೋಟ್‌ಬುಕ್ಕಿನಲ್ಲಿ ಪಕ್ಕದವರ ಉತ್ತರ ನೋಡಿ ಬರೆದುಬಿಡುತ್ತಿದ್ದ ಮಗು ಗೋಡೆಯ ಮುಂದೆ ಯಾವ ಹಂತದಲ್ಲಿ ತಡವರಿಸುತ್ತದೆ ಎಂಬುದನ್ನು ನಾನು ನಿಂತಲ್ಲಿಂದಲೇ ನೋಡಬಹುದಿತ್ತು. ಆಗಸ್ಟ್ ಮುಗಿಯುವವರೆಗೂ ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆಗಳನ್ನು ಬಿಟ್ಟು ಬೇರೇನನ್ನೂ ಆ ಗೋಡೆಯ ಮೇಲೆ ಬರೆಸಲಿಲ್ಲ.

ಜನವರಿಯಲ್ಲಿ ತೀರಾ ಹಿಂದುಳಿದವರಿಗೆ ನಕ್ಷೆ, ಥೇಲ್ಸ್ ಪ್ರಮೇಯಗಳಂಥ ಆಯ್ದ ಭಾಗಗಳ 'ಪಾಸಿಂಗ್ ಪ್ಯಾಕೇಜ್' ಅನ್ನೂ ಮಾಡಿಸಿದೆ. ಅದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಜೂನ್‌ನ ಕೆಲಸಕ್ಕೆ ಅದು ಬದಲಿಯಾಗದು. ಮೈನಸ್ 'ಬಿ'ಯಲ್ಲಿ ಎಡವಿದ್ದ ಆ ಹುಡುಗಿ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ 41 ಪಡೆದಳು. ಹಬ್ಬಕ್ಕೆಂದು ಯಾದಗಿರಿಗೆ ಹೋದ ಕಟ್ಟಡ ಕಾರ್ಮಿಕರ ಇಬ್ಬರು ಮಕ್ಕಳು ಮರಳಿ ಬರಲೇ ಇಲ್ಲ. ಅವರನ್ನು ಉಳಿಸಿಕೊಳ್ಳುವ ದಾರಿ ನನಗಿನ್ನೂ ಸಿಕ್ಕಿಲ್ಲ. ಮರುವರ್ಷದಿಂದ ಗೋಡೆಯ ತರಗತಿಯನ್ನು ಎಂಟನೇ ತರಗತಿಗೆ ಸೇರಿದ ಮೊದಲ ವಾರದಲ್ಲೇ ಆರಂಭಿಸುತ್ತಿದ್ದೇನೆ.