ಆನ್‌ಲೈನ್‌ನಲ್ಲಿ ಮಾರಿ, ಎದುರಾಎದುರು ಕೊಡುವಾಗ: ದುಡ್ಡು ನಿಜಕ್ಕೂ ಬಂತಾ?

ಹಳೇ ಮಂಚ, ಯಾರೂ ತುಳಿಯದ ಸೈಕಲ್, ಮಗು ಬೆಳೆದ ಮೇಲೆ ಮೂಲೆ ಸೇರಿದ ತೊಟ್ಟಿಲು. ಇಂಥದ್ದನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಿ ಹತ್ತಿರದವರಿಗೇ ಮಾರುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಪ್ಯಾಕಿಂಗ್ ಇಲ್ಲ, ಕೊರಿಯರ್ ಇಲ್ಲ ಅನ್ನುವುದು ಹಾಗಿರಲಿ, ಸಾಮಾನು ಮತ್ತು ದುಡ್ಡು ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೈ ಬದಲಾಗುತ್ತವೆ. ಅವರು ನೋಡಿ ತಗೊಳ್ಳುತ್ತಾರೆ, ನೀವು ಎಣಿಸಿಕೊಂಡು ಕೊಡುತ್ತೀರಿ. ಮೋಸಗಾರರಿಗೆ ಇದೇ ತೊಡಕು. ಅದಕ್ಕೇ ಅವರ ಆಟವೆಲ್ಲ ಈ ಎರಡನ್ನು ಬೇರೆ ಮಾಡುವುದರಲ್ಲೇ ಇರುತ್ತದೆ. ಸಾಮಾನು ಈಗ ಕೊಡಿ, ದುಡ್ಡು ಇನ್ನೇನು ಬರುತ್ತೆ ಅನ್ನುತ್ತಾರೆ. ಇಲ್ಲವೇ ದುಡ್ಡು ಕಳಿಸುವವನು ಒಬ್ಬ, ಬಂದು ಒಯ್ಯುವವನು ಇನ್ನೊಬ್ಬ. ಮಾತು ಆ ಕಡೆ ತಿರುಗಿದ ಕೂಡಲೇ ನೀವು ನಿಧಾನ ಮಾಡಬೇಕು.

ಜಾಹೀರಾತಿನಿಂದಲೇ ಶುರು ಮಾಡೋಣ. ಫೋಟೋ ತೆಗೆಯುವಾಗ ಹಿಂದೆ ಏನೇನು ಕಾಣುತ್ತಿದೆ ನೋಡಿ. ಮನೆ ನಂಬರ್, ಗಾಡಿಯ ನಂಬರ್ ಪ್ಲೇಟ್, ಯೂನಿಫಾರ್ಮ್ ಹಾಕಿದ ಮಕ್ಕಳ ಫೋಟೋ, ಕಪಾಟಿನಲ್ಲಿರುವ ಬೆಲೆಬಾಳುವ ವಸ್ತು, ಯಾವುದೂ ಬೇಡ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ಫೋಟೋ ತೆಗೆದ ಜಾಗ ಆ ಫೈಲಿನೊಳಗೇ ಸೇರಿಕೊಂಡಿರುತ್ತದೆ. ಎಷ್ಟೋ ಸೈಟ್‌ಗಳು ಅಪ್‌ಲೋಡ್ ಮಾಡುವಾಗ ಅದನ್ನು ಅಳಿಸುತ್ತವೆ, ಆದರೆ ನೀವು ಇಮೇಲ್‌ನಲ್ಲಿ ಕಳಿಸಿದ ಮೂಲ ಫೈಲಿನಲ್ಲಿ ಅದು ಉಳಿದಿರಬಹುದು. ಲೊಕೇಶನ್ ಆಫ್ ಮಾಡಿ ಫೋಟೋ ತೆಗೆದರೆ ತಲೆನೋವೇ ಇಲ್ಲ. ಗೀರು, ಬಿರುಕು ಇದ್ದರೆ ಅದರದ್ದೂ ಒಂದು ಫೋಟೋ ಹಾಕಿ. ಬಾಗಿಲಿಗೆ ಬಂದ ಮೇಲೆ "ಇದನ್ನು ನೀವು ಹೇಳಿರಲಿಲ್ಲ" ಅಂತ ಬೆಲೆ ಇಳಿಸುವ ಜಗಳ ತಪ್ಪುತ್ತದೆ. ಸೀರಿಯಲ್ ನಂಬರ್ ಮಾತ್ರ ಜಾಹೀರಾತಿನಲ್ಲಿ ಬೇಡ, ನಿಮ್ಮ ಹತ್ತಿರ ಬರೆದಿಟ್ಟುಕೊಳ್ಳಿ. ಮೊಬೈಲ್ ಆದರೆ *#06# ಒತ್ತಿ, ಆ ಫೋನನ್ನು ಗುರುತಿಸುವ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ.

ಮಾತುಕತೆ

ಆದಷ್ಟು ಮಟ್ಟಿಗೆ ಆಪ್‌ನ ಒಳಗಿನ ಚಾಟ್‌ನಲ್ಲೇ ಇರಿ. ಮೊದಲ ಮೆಸೇಜಿನಲ್ಲೇ "ನಿಮ್ಮ ನಂಬರ್ ಕೊಡಿ, ಅಲ್ಲಿ ಮಾತಾಡೋಣ" ಅನ್ನುವವರೆಲ್ಲ ಕಳ್ಳರಲ್ಲ, ಕೆಲವರಿಗೆ ಟೈಪ್ ಮಾಡುವುದೇ ಬೇಜಾರು. ಆದರೂ ನಾಳೆ ಏನಾದರೂ ಎಡವಟ್ಟಾದರೆ ಆಪ್‌ನವರಿಗೆ ತೋರಿಸಲು ಉಳಿಯುವುದು ಆ ಚಾಟ್ ಒಂದೇ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. "ನೀವು ನಿಜವಾದ ಮಾರಾಟಗಾರರಾ ಅಂತ ಖಾತ್ರಿ ಮಾಡಿಕೊಳ್ಳಬೇಕು, ನಿಮಗೊಂದು 6 ಅಂಕಿಯ ಕೋಡ್ ಬಂದಿದೆ, ಸ್ವಲ್ಪ ಹೇಳಿ" ಅಂತ ಕೇಳುತ್ತಾರೆ. ಆ ಕೋಡ್ ಖಾತ್ರಿಗೆ ಬಂದದ್ದಲ್ಲ. ನಿಮ್ಮ ನಂಬರಿನಲ್ಲಿ ವಾಟ್ಸಾಪನ್ನೋ ಬೇರೆ ಯಾವುದೋ ಖಾತೆಯನ್ನೋ ಅವರು ತಮ್ಮ ಫೋನಿನಲ್ಲಿ ತೆರೆಯುತ್ತಿದ್ದಾರೆ, ಕೀಲಿ ನಿಮ್ಮಿಂದ ಕೇಳುತ್ತಿದ್ದಾರೆ ಅಷ್ಟೇ. ಸಾಮಾನು ಮಾರಲು ಯಾವ ಕೋಡನ್ನೂ ಯಾರಿಗೂ ಹೇಳಬೇಕಾಗಿಲ್ಲ.

ಚೌಕಾಸಿಯೇ ಮಾಡದವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಹಳೇ ಸೋಫಾ ಬೇಕಾದವರು ಅಳತೆ ಕೇಳುತ್ತಾರೆ, ಬೆಕ್ಕು ಪರಚಿದೆಯಾ ಅಂತ ಕೇಳುತ್ತಾರೆ, ಲಿಫ್ಟ್ ಇದೆಯಾ ಅಂತ ಕೇಳುತ್ತಾರೆ. ಏನೂ ಕೇಳದೆ, ನೋಡದೆ, ಹೇಳಿದ ಬೆಲೆಗೇ ಒಪ್ಪಿ, ನಾನು ಊರಲ್ಲಿಲ್ಲ ಆದರೆ ದುಡ್ಡು ಈಗಲೇ ಹಾಕುತ್ತೇನೆ, ನಮ್ಮ ಹುಡುಗ ಬಂದು ತಗೊಂಡು ಹೋಗುತ್ತಾನೆ ಅನ್ನುವವರಿಗೆ ಸೋಫಾ ಬೇಕಾಗಿರುವುದಿಲ್ಲ.

ಎಲ್ಲಿ ಕೊಡುವುದು

ಕೈಯಲ್ಲಿ ಹಿಡಿದು ಹೋಗುವಂಥ ಸಾಮಾನಾದರೆ ಮನೆ ವಿಳಾಸ ಕೊಡುವ ಅಗತ್ಯವೇ ಇಲ್ಲ. ಹಗಲು ಹೊತ್ತು, ಜನ ಓಡಾಡುವ ಜಾಗ, ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ಎಷ್ಟೋ ಪೊಲೀಸ್ ಠಾಣೆಗಳು ಇಂಥ ವಹಿವಾಟಿಗೆಂದೇ ತಮ್ಮ ಪಾರ್ಕಿಂಗ್‌ನಲ್ಲಿ ಜಾಗ ಗುರುತು ಮಾಡಿಟ್ಟಿವೆ. ಅಂಥದ್ದು ಇಲ್ಲದ ಕಡೆ ಬ್ಯಾಂಕಿನ ಒಳಗೆ ಭೇಟಿಯಾಗುವುದೂ ಒಳ್ಳೆಯ ಉಪಾಯ, ದೊಡ್ಡ ಮೊತ್ತದ ನಗದು ಇದ್ದರಂತೂ ಅದೇ ಸರಿ. ಕೌಂಟರ್‌ನಲ್ಲೇ ಎಣಿಸಿ, ನಿಮ್ಮ ಖಾತೆಗೆ ಕಟ್ಟಿಸಿ, ಆಮೇಲೆ ಸಾಮಾನು ಕೊಡಬಹುದು. ಖೋಟಾ ನೋಟಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಫ್ರಿಜ್, ಬೀರು ಥರದ್ದಕ್ಕೆ ಮನೆಗೇ ಬರಬೇಕು, ಬೇರೆ ದಾರಿಯಿಲ್ಲ. ಆದರೆ ಪೂರ್ತಿ ವಿಳಾಸವನ್ನು ದಿನ, ಸಮಯ ನಿಕ್ಕಿಯಾದ ಮೇಲಷ್ಟೇ ಕೊಡಿ. ಸಾಧ್ಯವಾದರೆ ಸಾಮಾನನ್ನು ಮೊದಲೇ ಬಾಗಿಲ ಹತ್ತಿರ ತಂದಿಡಿ, ಪ್ಲಗ್ ಹಾಕಿ ತೋರಿಸುವಷ್ಟು ಹತ್ತಿರ ಇದ್ದರೆ ಸಾಕು, ಮನೆಯೆಲ್ಲ ತಿರುಗಬೇಕಾಗಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಇರಲಿ. "ಮಧ್ಯಾಹ್ನ ಬರಬೇಡಿ, ಮನೆಯಲ್ಲಿ ಯಾರೂ ಇರಲ್ಲ" ಅಂತ ಬರೆಯುವವರನ್ನು ನೋಡಿದ್ದೇನೆ. ಹಾಗೆ ಬರೆಯಬೇಡಿ, ಸಂಜೆ ಇಷ್ಟು ಗಂಟೆಗೆ ಬನ್ನಿ ಅಂದರೆ ಆಯ್ತು ಅಲ್ವಾ? ಬಂದವರ ನಡವಳಿಕೆ ಸರಿ ಕಾಣದಿದ್ದರೆ ಮಾರುವುದಿಲ್ಲ ಅಂದುಬಿಡಿ, ಕಾರಣ ಕೊಡಬೇಕಾಗಿಲ್ಲ.

ದುಡ್ಡಿನ ವಿಷಯ

ನಗದು ಹಳೆಯದು, ಆದರೆ ಅದಕ್ಕೊಂದು ಒಳ್ಳೆಯ ಗುಣ ಇದೆ. ಕೊಟ್ಟವನು ಮಾರನೇ ದಿನ ಮನೆಯಲ್ಲಿ ಕೂತು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ. ಅವರ ಎದುರಿಗೇ ಎಣಿಸಿ, ಸಂಕೋಚ ಬೇಡ. ನೋಟನ್ನು ಬೆಳಕಿಗೆ ಹಿಡಿದರೆ ನೀರ್ಗುರುತು, ಭದ್ರತಾ ಎಳೆ ಕಾಣಬೇಕು.

ಮೊಬೈಲ್ ಪೇಮೆಂಟ್‌ನಲ್ಲಿ ಎಲ್ಲ ನಿಂತಿರುವುದು ಒಂದು ಅಭ್ಯಾಸದ ಮೇಲೆ. ದೃಶ್ಯ ಹೀಗಿರುತ್ತದೆ. ಗಾಡಿ ಸ್ಟಾರ್ಟ್ ಆಗಿಯೇ ಇದೆ, ಜೊತೆಗೆ ಬಂದವನು ಆಗಲೇ ಟೇಬಲ್‌ನ ಒಂದು ಕಡೆ ಎತ್ತಿ ಹಿಡಿದಿದ್ದಾನೆ, ಇವನು ತನ್ನ ಫೋನ್ ನಿಮ್ಮ ಮುಖದ ಹತ್ತಿರ ತಂದು ಹಸಿರು ಟಿಕ್ ತೋರಿಸುತ್ತಾನೆ, "ಹೋಯ್ತು ನೋಡಿ ಸಾರ್, ನೆಟ್‌ವರ್ಕ್ ಸ್ಲೋ ಇದೆ, ನಿಮಗೆ ಎರಡು ನಿಮಿಷದಲ್ಲಿ ಬರುತ್ತೆ" ಅನ್ನುತ್ತಾನೆ. ಆ ಟಿಕ್‌ಗೆ ಕವಡೆ ಕಾಸಿನ ಬೆಲೆಯಿಲ್ಲ. ಪೇಮೆಂಟ್ ಆದಂತೆ ಚಿತ್ರ ತೋರಿಸುವ ನಕಲಿ ಆಪ್‌ಗಳೇ ಇವೆ. ನಿಮಗೆ ಬಂದ ಎಸ್‌ಎಂಎಸ್ ಕೂಡ ಸಾಕಾಗುವುದಿಲ್ಲ, ಬ್ಯಾಂಕಿನದ್ದೇ ಅನ್ನಿಸುವಂತೆ ಮೋಸಗಾರರೂ ಕಳಿಸಬಹುದು. ನಿಮ್ಮ ಫೋನ್, ನಿಮ್ಮ ಬ್ಯಾಂಕಿನ ಆಪ್, ನಿಮ್ಮ ಬ್ಯಾಲೆನ್ಸ್. ಅದರಲ್ಲಿ ದುಡ್ಡು ಕಂಡರೆ ಬಂತು, ಕಾಣದಿದ್ದರೆ ಬಂದಿಲ್ಲ. ಎರಡು ನಿಮಿಷ ಅಂದರೆ ಎರಡು ನಿಮಿಷ ಇಬ್ಬರೂ ನಿಂತು ಕಾಯೋಣ, ಅರ್ಧ ಗಂಟೆ ಆದರೂ ಕಾಯೋಣ, ಅಲ್ಲಿಯವರೆಗೆ ಟೇಬಲ್ ಕೆಳಗಿಳಿಸಿ ಅಂತ ನಗುನಗುತ್ತಲೇ ಹೇಳಿ. ನಿಜವಾಗಿ ದುಡ್ಡು ಹಾಕಿದವರಿಗೂ ಅದು ಎಲ್ಲಿ ಸಿಕ್ಕಿಕೊಂಡಿದೆ ಅನ್ನುವ ಆತಂಕ ಇದ್ದೇ ಇರುತ್ತದೆ, ಅವರು ಬೇಡ ಅನ್ನುವುದಿಲ್ಲ.

ದುಡ್ಡು ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳುವುದು ದುಡ್ಡು ಹೊರಗೆ ಹೋಗುವಾಗ. ಕೊಳ್ಳುವವರು ಕ್ಯೂಆರ್ ಕೋಡ್ ಕಳಿಸಿ "ಇದನ್ನು ಸ್ಕ್ಯಾನ್ ಮಾಡಿ, ನಿಮಗೆ ಬರುತ್ತೆ" ಅಂದರೆ ನೀವೇ ಅವರಿಗೆ ಕೊಡುತ್ತಿದ್ದೀರಿ ಅಂತ ಅರ್ಥ. ಲಿಂಕ್ ಕಳಿಸಿ, ಕೊರಿಯರ್‌ನವನು ಬಂದು ದುಡ್ಡು ಕೊಟ್ಟು ಸಾಮಾನು ಒಯ್ಯುತ್ತಾನೆ, ಅದಕ್ಕೆ ನಿಮ್ಮ ಕಾರ್ಡ್ ನಂಬರ್, ಹಿಂದಿರುವ 3 ಅಂಕಿ ತುಂಬಿ ಅನ್ನುವುದೂ ಇದೇ ಜಾತಿ.

ಚೆಕ್ ಬೇಡವೇ ಬೇಡ. ಚೆಕ್ ಹಾಕಿದ ಮೇಲೆ ಖಾತೆಯಲ್ಲಿ ಮೊತ್ತ ಕಂಡರೂ ಅದು ಕೊನೆಯ ಮಾತಲ್ಲ, ಬೌನ್ಸ್ ಆದರೆ ಬ್ಯಾಂಕು ವಾಪಸ್ ತೆಗೆದುಕೊಳ್ಳುತ್ತದೆ. ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಕೊಟ್ಟು, "ಉಳಿದದ್ದನ್ನು ಸಾಗಿಸುವವನಿಗೆ ಕೊಟ್ಟುಬಿಡಿ" ಅನ್ನುವ ಹಳೇ ವರಸೆ ನಿಂತಿರುವುದು ಈ ನಡುವಿನ ಅವಧಿಯ ಮೇಲೆ. ಕಾರ್ಡ್ ಮೂಲಕ ಬಂದ ದುಡ್ಡೂ ಅಷ್ಟೇ, ಕೊಟ್ಟವನು ತಿಂಗಳುಗಳ ನಂತರವೂ ಬ್ಯಾಂಕಿನಲ್ಲಿ ತಕರಾರು ಹಾಕಬಹುದು, ಆಗ ಸಾಮಾನು ಒಪ್ಪಿಸಿದ್ದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಬೇಕು.

ಇನ್ನು ದುಡ್ಡು ನಿಜವಾಗಿಯೇ ಬಂದರೂ ಸಿಕ್ಕಿಬೀಳುವ ಒಂದು ದಾರಿ ಇದೆ. ನೀವು ಕ್ಯಾಮೆರಾ ಮಾರಲು ಹಾಕಿದ್ದೀರಿ ಅನ್ನಿ. ಮೋಸಗಾರ ನಿಮ್ಮದೇ ಫೋಟೋ ಬಳಸಿ ಇನ್ನೊಂದು ಕಡೆ ಅದೇ ಕ್ಯಾಮೆರಾ ತನ್ನದು ಅಂತ ಜಾಹೀರಾತು ಹಾಕುತ್ತಾನೆ. ಅಲ್ಲಿ ಕೊಳ್ಳಲು ಬಂದವರಿಗೆ ನಿಮ್ಮ ಖಾತೆಯ ವಿವರ ಕೊಡುತ್ತಾನೆ. ಅವರು ದುಡ್ಡು ಹಾಕುತ್ತಾರೆ, ನಿಮ್ಮ ಬ್ಯಾಲೆನ್ಸ್ ನೋಡಿದರೆ ಪೂರ್ತಿ ಮೊತ್ತ ಬಂದಿದೆ. ಮೋಸಗಾರ ಬಂದು ಕ್ಯಾಮೆರಾ ಎತ್ತಿಕೊಂಡು ಹೋಗುತ್ತಾನೆ. ದುಡ್ಡು ಹಾಕಿದವರು ದೂರು ಕೊಟ್ಟಾಗ ಪೊಲೀಸರಿಗೆ ಕಾಣುವುದು ನಿಮ್ಮ ಹೆಸರು, ಬ್ಲಾಕ್ ಆಗುವುದು ನಿಮ್ಮ ಖಾತೆ. ಹಾಗಾಗಿ ದುಡ್ಡು ಯಾರ ಹೆಸರಿನಿಂದ ಬಂತು ಅನ್ನುವುದನ್ನೂ ನೋಡಿ. ಎದುರಿಗೆ ನಿಂತವರ ಹೆಸರಿಗೆ ಅದು ಹೊಂದದಿದ್ದರೆ "ಇದು ಯಾರ ಖಾತೆ?" ಅಂತ ಕೇಳಿ, ಅವರಿಗೆ ಫೋನ್ ಮಾಡಿಸಿ ಮಾತಾಡಿ. ಖಾತೆಯ ವಿವರವನ್ನು ಮುಂಚಿತವಾಗಿ ಕಳಿಸದೆ, ಎದುರಿಗೆ ಬಂದ ಮೇಲಷ್ಟೇ ತೋರಿಸುವುದು ಇನ್ನೂ ವಾಸಿ.

ಮುಂಗಡ ಕೊಡುತ್ತೇನೆ, ಬೇರೆಯವರಿಗೆ ಕೊಡಬೇಡಿ ಅಂದರೆ ನನ್ನ ಉತ್ತರ ಒಂದೇ: ಮೊದಲು ಬಂದವರಿಗೆ ಮೊದಲು. ಮುಂಗಡ ತಗೊಂಡರೆ ಆಮೇಲೆ ಅದರ ವಾಪಸಾತಿಯ ಜಗಳ ಸುಮ್ನೆ ಗಂಟು ಬೀಳುತ್ತದೆ.

ಫೋನ್, ಲ್ಯಾಪ್‌ಟಾಪ್, ಗಾಡಿ

ಇವುಗಳದ್ದು ಸ್ವಲ್ಪ ಬೇರೆ. ಫೋನ್ ಮಾರುವ ಮುಂಚೆ ಬ್ಯಾಕಪ್ ತಗೊಂಡು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಐಫೋನ್ ಆದರೆ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ರೀಸೆಟ್ ಆದ ಫೋನ್ ಮತ್ತೆ ನಿಮ್ಮ ಪಾಸ್‌ವರ್ಡ್ ಕೇಳಬಹುದು, ಕೊಂಡವರು ನೀವೇ ಕದ್ದ ಫೋನ್ ಕೊಟ್ಟಿರಿ ಅಂದುಕೊಳ್ಳುತ್ತಾರೆ. ಎದುರಿಗೆ ಕೂತು ಅವರ ಖಾತೆಯಿಂದಲೇ ಸೆಟಪ್ ಮಾಡಿಸಿದರೆ ಎರಡೂ ಕಡೆಗೆ ನೆಮ್ಮದಿ.

ಬೈಕ್ ಅಥವಾ ಸೈಕಲ್ಲಿನ ಟ್ರಯಲ್‌ಗೆ ಹೋಗುವವರು ಗುರುತಿನ ಚೀಟಿ ಬಿಟ್ಟುಹೋಗುತ್ತೇನೆ ಅನ್ನುತ್ತಾರೆ. ಅದು ನಕಲಿಯಾಗಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಪ್ಲಾಸ್ಟಿಕ್ ತುಂಡು. ಪೂರ್ತಿ ನಗದು ನಿಮ್ಮ ಕೈಗೆ ಕೊಟ್ಟು ಹೋಗಲಿ, ಇಲ್ಲವೇ ಬೈಕಾದರೆ ನೀವು ಹಿಂದೆ ಕೂತುಕೊಳ್ಳಿ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಗಾಡಿಯ ಜವಾಬ್ದಾರಿ ನಿಮ್ಮ ತಲೆಯ ಮೇಲೆ ಬರಬಹುದು, ಆ ಕಾಗದಪತ್ರಕ್ಕೆ ಅದೇ ದಿನ ಸಹಿ ಮಾಡಿಸಿ.

ಸ್ವಲ್ಪ ಬೆಲೆಬಾಳುವುದಾದರೆ ಒಂದು ಹಾಳೆಯಲ್ಲಿ ಸಾಮಾನು, ಸೀರಿಯಲ್ ನಂಬರ್, ಮೊತ್ತ, ದಿನಾಂಕ ಬರೆದು "ಚಾಲೂ ಮಾಡಿ ನೋಡಿ ತಗೊಂಡಿದ್ದೇನೆ" ಅಂತ ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ. ಮೋಸ ಆಗಿದೆ ಅನ್ನಿಸಿದರೆ ಮೊದಲ ಫೋನ್ ಬ್ಯಾಂಕಿಗೆ, ಅದೂ ಕಾರ್ಡಿನ ಹಿಂದೆ ಅಥವಾ ಬ್ಯಾಂಕಿನ ಆಪ್‌ನಲ್ಲಿರುವ ನಂಬರಿಗೆ, ಸರ್ಚ್ ಮಾಡಿ ಸಿಕ್ಕಿದ ನಂಬರಿಗಲ್ಲ. ಅದಾದ ಮೇಲೆ ಪೊಲೀಸ್ ದೂರು. ಯಾರೋ "ತಪ್ಪಿ ನಿಮಗೆ ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ" ಅಂದರೆ ನೀವೇ ಕಳಿಸಲು ಹೋಗಬೇಡಿ, ನಿಮ್ಮ ಬ್ಯಾಂಕಿಗೆ ಹೇಳಿ ಬಂದ ದಾರಿಯಲ್ಲೇ ಹಿಂದಿರುಗಿಸಿ. ಮಾರಾಟ ಮುಗಿದ ದಿನವೇ ಜಾಹೀರಾತು ತೆಗೆದುಬಿಡಿ, ಇಲ್ಲದಿದ್ದರೆ ಮುಂದಿನ ವಾರವೂ "ಇನ್ನೂ ಇದೆಯಾ?" ಅಂತ ಫೋನ್ ಬರುತ್ತಲೇ ಇರುತ್ತದೆ.