ಕರೆಂಟ್ ಎಲ್ಲಿ ಖರ್ಚಾಗುತ್ತದೆ? ಟಿ.ಎ. (ಟೀಚಿಂಗ್ ಅಸಿಸ್ಟೆಂಟ್) ಕೆಲಸದ ನನ್ನ ಅನುಭವ

ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್‌ಗೆ ಸೇರಿದ ನಮಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತಿತ್ತು. ಅದಕ್ಕೆ ಬದಲಾಗಿ ವಾರಕ್ಕೆ 8 ಗಂಟೆ ವಿಭಾಗದ ಕೆಲಸ. ನನ್ನ ಪಾಲಿಗೆ ಬಂದದ್ದು ಮೊದಲ ವರ್ಷದ ಮಕ್ಕಳ ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬು ಮತ್ತು ಟ್ಯುಟೋರಿಯಲ್. ಲ್ಯಾಬಿನ ಬೀಗದ ಕೈ, ಹಾಜರಿ ಪುಸ್ತಕ, ಜೆರಾಕ್ಸ್ ಮಾಡಿ ಮಾಡಿ ಮಸುಕಾದ ಮ್ಯಾನ್ಯುಯಲ್ ಕೈಗೆ ಬಂದವು. ಕಲಿಸುವುದನ್ನು ಮಾತ್ರ ನಾವೇ ಕಲಿತುಕೊಳ್ಳಬೇಕಿತ್ತು.

ನಾನು ಶುರು ಮಾಡಿದ್ದು ಟಾರ್ಚ್ ಬಲ್ಬುಗಳಿಂದ. (ಈಗ ಎಲ್ಲ ಟಾರ್ಚೂ ಎಲ್ಇಡಿ, ಹಳೇ ತಂತಿಯ ಬಲ್ಬಿಗೆ ಅಂಗಡಿ ಅಂಗಡಿ ಅಲೆಯಬೇಕು.) ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಪ್ರಶ್ನೆಯೊಂದಿದೆ. ಒಂದು ಸರ್ಕ್ಯೂಟಿನಲ್ಲಿ ಒಂದೇ ಬಲ್ಬು, ಇನ್ನೊಂದರಲ್ಲಿ ಎರಡು ಬಲ್ಬು ಸೀರೀಸ್‌ನಲ್ಲಿ (ಒಂದರ ಹಿಂದೊಂದು), ಮೂರನೆಯದರಲ್ಲಿ ಎರಡು ಪ್ಯಾರಲೆಲ್‌ನಲ್ಲಿ (ಎರಡಕ್ಕೂ ಬ್ಯಾಟರಿಯಿಂದ ಬೇರೆ ಬೇರೆ ದಾರಿ). ಐದೂ ಬಲ್ಬು ಒಂದೇ ಥರದವು, ಬ್ಯಾಟರಿಗಳೂ ಒಂದೇ ಥರದವು, ಆದರ್ಶ, ಅಂದರೆ ಒಳಗೇ ಕರೆಂಟಿಗೆ ಅಡ್ಡಿ (ಒಳರೋಧ) ಇಲ್ಲದವು. ಯಾವುದು ಎಷ್ಟು ಬೆಳಗುತ್ತದೆ? ಒಂಟಿ ಬಲ್ಬು ಮತ್ತು ಪ್ಯಾರಲೆಲ್‌ನ ಎರಡು ಸಮನಾಗಿ ಬೆಳಗುತ್ತವೆ. ಸೀರೀಸ್‌ನ ಎರಡು ತಮ್ಮತಮ್ಮಲ್ಲಿ ಸಮ, ಆದರೆ ಉಳಿದವಕ್ಕಿಂತ ಮಂಕು. ಅಮೆರಿಕದ ವಿದ್ಯಾರ್ಥಿಗಳಲ್ಲಿ ಪೂರ್ತಿ ಸರಿ ಹೇಳಿದವರು ಸುಮಾರು ಶೇ 15. ಸರ್ಕ್ಯೂಟಿನ ಕರೆಂಟ್, ವೋಲ್ಟೇಜ್ ಲೆಕ್ಕದ ಕಿರ್ಕಾಫ್ ನಿಯಮ ಹಾಕಿ ಪುಟಗಟ್ಟಲೆ ಸಮೀಕರಣ ಬಿಡಿಸುವ ನಮ್ಮ ಮಕ್ಕಳೂ ಇಲ್ಲಿ ತಡವರಿಸಿದರು.

ಸ್ವಿಚ್ ಹಾಕುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪೆನ್ನಿನಲ್ಲೇ ಬರೆಯಬೇಕು, ಜೊತೆಗೆ ಕಾರಣ ಒಂದು ಸಾಲು. ಬರೆಯದಿದ್ದರೆ ಬಲ್ಬು ಹತ್ತಿದ ಮೇಲೆ ಎಲ್ಲರೂ ‘ನಾನೂ ಅದನ್ನೇ ಅಂದ್ಕೊಂಡಿದ್ದೆ’ ಅನ್ನುತ್ತಾರೆ. ಕಾರಣವನ್ನು ಕನ್ನಡದಲ್ಲಿ ಬರೆದರೂ ಸರಿ ಎಂದಿದ್ದೆ. ಹೊರಗಡೆ ನನ್ನನ್ನು ‘ಅಕ್ಕಾ’ ಎಂದು ಕರೆದು ಲ್ಯಾಬಿನೊಳಗೆ ‘ಮೇಡಂ’ ಎನ್ನುತ್ತ ಬಾಯಿ ಹೊಲಿದುಕೊಳ್ಳುತ್ತಿದ್ದವರು ಆಗಲೇ ಮಾತಿಗೆ ಬಂದದ್ದು.

ಮಾನ್ವಿ ಕಡೆಯ ಹುಡುಗನೊಬ್ಬ ಸೀರೀಸ್‌ನ ಮೊದಲ ಬಲ್ಬೇ ಜಾಸ್ತಿ ಬೆಳಗುತ್ತದೆ ಎಂದು ಬರೆದಿದ್ದ. ಯಾಕೆ ಎಂದು ಕೇಳಿದೆ. “ಕರೆಂಟ್ ಅದರಾಗ ಖರ್ಚಾಗಿ ಉಳಿದದ್ದು ಮುಂದ ಹೋಗತೈತ್ರಿ ಮೇಡಂ. ನಮ್ಮ ಹೊಲ ಕಾಲುವಿ ಕೊನಿಗೈತಿ. ಮ್ಯಾಲಿನವರು ಹೀರಿಕೊಂಡ್ರ ನಮಗ ಎಲ್ಲಿ ನೀರ ಬರತಾವು?”

ತುಂಗಭದ್ರಾ ಎಡದಂಡೆಯ ಕೊನೆಯ ರೈತನ ಮಗನಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ? ಅದು ಅವನು ಕಂಡುಂಡ ಸತ್ಯ. ತಪ್ಪು ಎಂದು ಗೀಟು ಎಳೆದರೆ ಪರೀಕ್ಷೆಗೆ ನನ್ನ ಉತ್ತರ ಬರೆದು ಮನಸ್ಸಿನಲ್ಲಿ ತನ್ನದನ್ನೇ ಇಟ್ಟುಕೊಳ್ಳುತ್ತಾನೆ. ಮೊದಲನೆಯದರ ಹಿಂದೆ, ಎರಡರ ನಡುವೆ, ಕೊನೆಯದರ ಮುಂದೆ ಕರೆಂಟ್ ಅಳೆಯುವ ಆಮ್ಮೀಟರ್ ಹಾಕಿ ನೋಡಲು ಹೇಳಿದೆ. ಮೂರು ಕಡೆಯೂ ಒಂದೇ ರೀಡಿಂಗ್. “ನಿಮ್ಮ ಹೊಲಕ್ಕೆ ಬಿದ್ದ ನೀರು ತಿರುಗಿ ಡ್ಯಾಮಿಗೆ ಹೋಗುತ್ತಾ?” ಎಂದು ಕೇಳಿ ಸುಮ್ಮನಾದೆ. ಬ್ಯಾಟರಿಯಿಂದ ಹೊರಟ ಕರೆಂಟ್ ಅಷ್ಟೂ ಬ್ಯಾಟರಿಗೇ ಮರಳುತ್ತದಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ತಿರುಗಿ ಕೇಳಿದ: “ಹಂಗಾದ್ರ ಬಲ್ಬ್ ತಿನ್ನೋದರ ಏನ್ರಿ?” ಅಲ್ಲಿಂದ ವೋಲ್ಟ್‌ಮೀಟರ್ ಹಿಡಿದು ಶಕ್ತಿಯ ಲೆಕ್ಕಕ್ಕೆ ಹೋದೆವು. ಆ ದಿನದ ಪ್ರಯೋಗ ಅರ್ಧಕ್ಕೇ ನಿಂತಿತು, ನಿಲ್ಲಲಿ ಬಿಡಿ.

ಪ್ರಶ್ನೆ ಕೇಳಿ ಸುಮ್ಮನಿರುವುದಕ್ಕೂ ಅಭ್ಯಾಸ ಬೇಕು. ಶಿಕ್ಷಕರು ಕೇಳಿದ ಮೇಲೆ ಸಾಧಾರಣವಾಗಿ ಕಾಯುವುದು ಒಂದೇ ಸೆಕೆಂಡು, 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ ತೋರಿಸಿದ್ದಾರೆ. ನಾನು ಡಸ್ಟರ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಮುಖ ನೋಡುತ್ತ ನಿಂತರೆ ಮುಂದಿನ ಬೆಂಚಿನ ಜಾಣರು ಬಿಡುವುದಿಲ್ಲ.

ಇದನ್ನು ಮಾಡಿಸುವವರಿಗೆ ಒಂದು ಮಾತು. ಒಂದೇ ಡಬ್ಬಿಯ ಬಲ್ಬುಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಸೀರೀಸ್‌ನಲ್ಲಿ ಮೊದಲನೆಯದು ತುಸು ಹೆಚ್ಚು ಬೆಳಗಿದರೆ ಮುಗಿಯಿತು, ‘ಖರ್ಚಿ’ನ ವಾದಕ್ಕೆ ಸಾಕ್ಷಿ ಸಿಕ್ಕಂತೆ. ಹಾಗಾದಾಗ ಎರಡರ ಜಾಗ ಅದಲುಬದಲು ಮಾಡಿಸಿ. ಹೆಚ್ಚು ಬೆಳಗುವ ಬಲ್ಬು ಎಲ್ಲಿಟ್ಟರೂ ಹೆಚ್ಚೇ ಬೆಳಗುತ್ತದೆ. ಪ್ಯಾರಲೆಲ್‌ಗೆ ಹಳೇ ಸೆಲ್ ಬಳಸಬೇಡಿ. ಅದರ ಒಳರೋಧದಿಂದಾಗಿ ಎರಡನೇ ಬಲ್ಬು ಹಾಕಿದೊಡನೆ ಎರಡೂ ಮಂಕಾಗುತ್ತವೆ. ವೋಲ್ಟೇಜನ್ನು ಒಂದೇ ಸಮ ಇಡುವ ರೆಗ್ಯುಲೇಟೆಡ್ ಪವರ್ ಸಪ್ಲೈ ಇದ್ದರೆ ಆ ತಾಪತ್ರಯವಿಲ್ಲ.

ಟ್ಯುಟೋರಿಯಲ್ ಪೇಪರ್ ತಿದ್ದುವಾಗ ಮೊದಲ ಪ್ರಶ್ನೆಯನ್ನು ಎಲ್ಲರದ್ದೂ ಮುಗಿಸಿ ಆಮೇಲೆ ಎರಡನೆಯದಕ್ಕೆ ಹೋಗುತ್ತಿದ್ದೆ. ಅಂಕದಲ್ಲಿ ಏರುಪೇರು ಕಮ್ಮಿಯಾಗುವುದು ಸರಿಯೇ. ನನಗೆ ಅದಕ್ಕಿಂತ ಮುಖ್ಯವಾದದ್ದು, ಒಂದೇ ತಪ್ಪು ಸಾಲಾಗಿ ಬಂದರೆ ಮುಂದಿನ ವಾರ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ. ಹಾಗೆ ಸಿಕ್ಕಿದ್ದೇ ಎರಡನೇ ನಂಬಿಕೆ: ಬ್ಯಾಟರಿ ಯಾವಾಗಲೂ ಅಷ್ಟೇ ಕರೆಂಟ್ ಕೊಡುತ್ತದೆ, ಬಲ್ಬುಗಳು ಹಂಚಿಕೊಳ್ಳುತ್ತವೆ. ಇದು ‘ಖರ್ಚಿ’ಗಿಂತ ಮೊಂಡು. ಪ್ಯಾರಲೆಲ್‌ನಲ್ಲಿ ಎರಡನೇ ಬಲ್ಬು ಹಾಕಿದೊಡನೆ ಸಪ್ಲೈನ ಆಮ್ಮೀಟರ್ ರೀಡಿಂಗ್ ಸುಮಾರು ದುಪ್ಪಟ್ಟಾದದ್ದನ್ನು ಕಣ್ಣಾರೆ ಕಂಡವರೂ ಸೆಮಿಸ್ಟರ್ ಕೊನೆಯ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ), ಪ್ಯಾರಲೆಲ್‌ನ ಒಂದು ಬಲ್ಬು ಕಿತ್ತರೆ ಉಳಿದದ್ದು ಹೆಚ್ಚು ಬೆಳಗುತ್ತದೆ ಎನ್ನುತ್ತಿದ್ದರು. ಹಾಗೆ ಅಂದವರ ಕೈಗೆ ಆ ಬಲ್ಬನ್ನೇ ಕೊಟ್ಟು, ಕಿತ್ತು ನೋಡಿ ಎನ್ನುತ್ತಿದ್ದೆ. ಅಂಕ ಹಾಕುತ್ತಿದ್ದುದು ಅವರು ನೋಡಿದ್ದನ್ನು ವಿವರಿಸಿದ ಮೇಲೆಯೇ.