ಚೌತಿಯೂರಿನ ಪತ್ತೇದಾರಿ ಕಥೆ ಕಟ್ಟುವ ಬಗೆ

ಹಬ್ಬದ ಪತ್ತೇದಾರಿ ಕಥೆ ಬರೆಯುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಮಾವಿನ ತೋರಣ, ಕಡುಬು, ಪಟಾಕಿ ಎಲ್ಲ ಬರುತ್ತವೆ, ಆದರೆ ಅವನ್ನು ತೆಗೆದುಹಾಕಿ ಅದೇ ಕಳವನ್ನು ಮದುವೆಮನೆಯಲ್ಲಿ ನಡೆಸಿದರೂ ಕಥೆಗೆ ಏನೂ ಆಗುವುದಿಲ್ಲ. ಹಾಗಾಗಬಾರದು. ಹಬ್ಬದ ಒಂದು ಕಟ್ಟಳೆ ಕಳ್ಳನಿಗೆ ಅಡಗುತಾಣ ಕೊಡಬೇಕು, ಹಬ್ಬದ ಇನ್ನೊಂದು ಸಂಗತಿ ಅವನನ್ನು ಹಿಡಿದುಕೊಡಬೇಕು.

ಗಣೇಶನ ಹಬ್ಬ ಇದಕ್ಕೆ ಹೇಳಿ ಮಾಡಿಸಿದ್ದು. ಚೌತಿ ಚಂದ್ರನನ್ನು ಕಂಡವರಿಗೆ ಕಳ್ಳತನದ ಅಪವಾದ ಬರುತ್ತದೆ ಎಂಬ ನಂಬಿಕೆಯ ಹಿಂದಿನ ಶಮಂತಕ ಮಣಿಯ ಪ್ರಸಂಗವೇ ಒಂದು ಪತ್ತೇದಾರಿ ಕಥೆ. ಮಣಿ ಕದ್ದನೆಂಬ ದೂರು ಹೊತ್ತ ಕೃಷ್ಣ, ಆ ಮಣಿ ತೊಟ್ಟು ಬೇಟೆಗೆ ಹೋಗಿದ್ದ ಪ್ರಸೇನನ ಹೆಣವನ್ನು ಕಾಡಿನಲ್ಲಿ ಕಾಣುತ್ತಾನೆ. ಅಲ್ಲಿಂದ ಸಿಂಹದ ಹೆಜ್ಜೆ, ಸತ್ತ ಸಿಂಹದ ಬಳಿಯಿಂದ ಕರಡಿಯ ಹೆಜ್ಜೆ, ಕೊನೆಗೆ ಜಾಂಬವಂತನ ಗುಹೆ. ನಿಮ್ಮ ಸುಳಿವುಗಳೂ ಹೀಗೇ ಒಂದರ ಬಾಲ ಇನ್ನೊಂದು ಹಿಡಿದು ಬರಬೇಕು.

ಒಂದು ಕಥೆಯನ್ನೇ ಕಟ್ಟಿ ನೋಡೋಣ. ಮಲೆನಾಡಿನ ಸಣ್ಣ ಪೇಟೆ, ಐದು ದಿನದ ಗಣಪತಿ, ಮೂರಡಿಯ ಮಣ್ಣಿನ ಮೂರ್ತಿ. ಚೌತಿಯ ರಾತ್ರಿ ಬೆಳ್ಳಿ ಕಿರೀಟ ಕಾಣೆಯಾಗುತ್ತದೆ. ವರ್ಷವಿಡೀ ಅದನ್ನು ಮನೆಯಲ್ಲಿ ಕಾಪಾಡುವ ಸಮಿತಿಯ ಹಿರಿಯರು ಮಗಳ ಓದಿಗೆಂದು ಅಸಲಿ ಕಿರೀಟವನ್ನು ಗಿರವಿ ಇಟ್ಟಿದ್ದಾರೆ, ಮೂರ್ತಿಗೆ ತೊಡಿಸಿದ್ದು ಜರ್ಮನ್ ಸಿಲ್ವರಿನದು. ಈ ಸಲ ಹಬ್ಬ ಮುಗಿದ ಮೇಲೆ ಕಿರೀಟ ತೂಗಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಮನೆಯಲ್ಲಿ ಕಳೆದರೆ ದೂರು ಅವರ ತಲೆಗೆ ಬರುತ್ತದೆ, ಪೆಂಡಾಲಿನಲ್ಲಿ ಕಳೆದರೆ ಊರಿನ ತಲೆಗೆ. ರಾತ್ರಿ ಕಾವಲಿಗೆ ಮಲಗಿದ ಹುಡುಗರು ಬಾಗಿಲಲ್ಲೇ ಇರುವುದರಿಂದ ಹೊರಗೆ ಒಯ್ಯುವಂತಿಲ್ಲ. ಮೂರ್ತಿಯ ಬೆನ್ನಿನ ಪೊಳ್ಳಿನೊಳಗೆ ಕಿರೀಟ ಇಟ್ಟು, ಬೆರಳು ಮುರಿದರೆ ಹಚ್ಚಲೆಂದು ಮೂರ್ತಿಕಾರ ಬಿಟ್ಟುಹೋದ ಮಣ್ಣಿನಿಂದ ಬಾಯಿ ಮುಚ್ಚುತ್ತಾರೆ. ಪ್ರಾಣಪ್ರತಿಷ್ಠೆಯಾದ ಮೂರ್ತಿಯನ್ನು ವಿಸರ್ಜನೆಯ ಪೂಜೆಯವರೆಗೆ ಕದಲಿಸುವಂತಿಲ್ಲ. ಪಿಎಸ್‌ಐ ಕೂಡ ಅಲ್ಲಿ ಕೈ ಹಾಕಲು ಹಿಂಜರಿಯುತ್ತಾರೆ. ಆಮೇಲೆ ಎಲ್ಲವೂ ಕೆರೆಯ ಪಾಲು.

ಪತ್ತೆ ಮಾಡುವವರು ಯಾರು? ಸುಮ್ಮನೆ ಕುತೂಹಲದ ನಿವೃತ್ತ ಮೇಷ್ಟ್ರು ಸಾಲದು. ಎಲ್ಲ ಮನೆಗೂ, ಮೂರ್ತಿಯ ಹತ್ತಿರಕ್ಕೂ ಹೋಗಲು ಕೆಲಸದ ಕಾರಣವೇ ಇರುವವರು ಬೇಕು. ಇಲ್ಲಿ ಹೂ ಕಟ್ಟುವ ಅಕ್ಕ ಇರಲಿ. ಗೌರಿ ತದಿಗೆಯ ದಿನ ಮನೆಮನೆಗೆ ಹೂ ಕೊಡುವಾಗ ಅವರು ಕಂಡದ್ದನ್ನೆಲ್ಲ ಮೊದಲೇ ಬರೆದುಬಿಡಿ. ಕಳವಾದ ಮೇಲೆ ಅದೇ ಮನೆಗಳಿಗೆ ಹೋದಾಗ ಏನು ಬದಲಾಗಿದೆಯೋ ಅದು ಅವರ ಕಣ್ಣಿಗೆ ಬೀಳುತ್ತದೆ. ಅವರಿಗೆ ಯಾರನ್ನೂ ವಿಚಾರಣೆ ಮಾಡುವ ಅಧಿಕಾರವಿಲ್ಲ. ಮೊಳ ಅಳೆಯುತ್ತ ಮಾತಾಡಬಹುದು, ಅಷ್ಟೇ.

ಈಗ ಸುಳಿವುಗಳು. ಮೂರು ಗಟ್ಟಿಯಾದವು ಸಾಕು.

ಮೊದಲನೆಯದು ಬೆಳದಿಂಗಳು. "ಮಧ್ಯರಾತ್ರಿ ಬೆಳದಿಂಗಳಲ್ಲಿ ಒಬ್ಬ ಗೋಡೆ ಹಾರಿದ್ದನ್ನು ಕಂಡೆ" ಎಂದು ಹಿರಿಯರು ಹೇಳಲಿ. ಚೌತಿಯ ಚಂದ್ರ ತೆಳುವಾದ, ಬಾಗಿದ ಗೆರೆಯಷ್ಟೇ. ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆಲ್ಲ ಮುಳುಗಿರುತ್ತದೆ. ಇದನ್ನು ಮರೆಸುವ ಉಪಾಯ ಹಬ್ಬದಲ್ಲೇ ಇದೆ. ಕೇಳಿದವರೆಲ್ಲ "ಅಯ್ಯೋ, ಚೌತಿ ಚಂದ್ರನ್ನ ನೋಡಿಬಿಟ್ಟಿರಾ!" ಎಂದು ಗಾಬರಿಯಾಗಲಿ. ಓದುಗರ ಗಮನ ಅಪವಾದದ ಕಡೆ ಹರಿಯುತ್ತದೆ, ಗಂಟೆಯ ಕಡೆ ಹೋಗುವುದಿಲ್ಲ.

ಎರಡನೆಯದು ಅವಸರ. ಒಣಗಿದ ಮಣ್ಣಿನ ಮೇಲೆ ಹಸಿ ಮಣ್ಣು ಮೆತ್ತಿದರೆ ಹಸಿಯದು ಮಾತ್ರ ಕುಗ್ಗಿ ಅಂಚು ಬಿರಿಯುತ್ತದೆ. ಭಾದ್ರಪದದ ಮಳೆಯಲ್ಲಿ ಮಣ್ಣು ಬೇಗ ಒಣಗುವುದಿಲ್ಲ, ಹಾಗಾಗಿ ಬಿರುಕು ಕಾಣಿಸುವುದನ್ನು ಎರಡನೆಯ ದಿನದ ಸಂಜೆಗೆ ಇಡಿ. ಅದೇ ರಾತ್ರಿ ಹಿರಿಯರು "ಅಪಶಕುನವಾಗಿದೆ, ಮೂರೇ ದಿನಕ್ಕೆ ಬಿಡೋಣ" ಎಂದು ಹಟ ಹಿಡಿಯಲಿ. ಆರ್ಕೆಸ್ಟ್ರಾಕ್ಕೆ ಕೊಟ್ಟ ಮುಂಗಡದ ಜಗಳದ ನಡುವೆ ಈ ಮಾತು ಬಂದರೆ ಭಕ್ತಿಯಂತೆ ಕೇಳುತ್ತದೆ.

ಮೂರನೆಯದು ಕಥೆಯ ಜೀವ. ಮೂರನೆಯ ಬೆಳಗ್ಗೆ ಬಾಡಿದ ಹಾರ ತೆಗೆಯುವಾಗ ಅಕ್ಕನ ಕಣ್ಣಿಗೆ ಬೆನ್ನಿನ ಬಿರುಕು ಬೀಳುತ್ತದೆ. ಅದರ ಅಂಚಿನಲ್ಲಿ, ಮಣ್ಣಿನೊಳಗೇ ಹೂತುಹೋದ ಒಂದು ಹಳದಿ ಸೇವಂತಿಗೆ ಎಸಳು, ತುದಿ ಮಾತ್ರ ಹೊರಗೆ. ಬೆಳಗಿನ ಹಾರ ಮಲ್ಲಿಗೆಯದು. ಸೇವಂತಿಗೆ ಹಾರ ಏರಿದ್ದು ಚೌತಿಯ ರಾತ್ರಿ ಎಂಟರ ಮಂಗಳಾರತಿಗೆ. ವಾರಗಳ ಹಿಂದೆ ಒಣಗಿದ ಮಣ್ಣಿನೊಳಗೆ ಆ ರಾತ್ರಿಯ ಎಸಳು ಹೋಗುವುದು ಹೇಗೆ? ಇದನ್ನು ವಿವರಿಸಬೇಡಿ. ಅಕ್ಕ ಎಸಳನ್ನು ಮುಟ್ಟದೆ ಹೊಸ ಹಾರವನ್ನು ಅದರ ಮೇಲೆ ಇಳಿಬಿಡಲಿ, ದೃಶ್ಯ ಅಲ್ಲಿಗೇ ಮುಗಿಯಲಿ. ಯಾವ ಹಾರ ಯಾವ ಹೊತ್ತಿಗೆ ಎಂಬುದು ಮಾತ್ರ ಮೊದಲ ಭಾಗದಲ್ಲೇ, ಹೂವಿನ ಲೆಕ್ಕ ಬರೆದುಕೊಳ್ಳುವ ನೆಪದಲ್ಲಿ ಬಂದಿರಬೇಕು. ಕೊನೆಯಲ್ಲಿ ಹೇಳಿದರೆ ಓದುಗರಿಗೆ ಮೋಸ.

ಸುಮಾರು 12,000 ಪದಗಳ ನೀಳ್ಗತೆಗೆ ಅನುಮಾನಿತರು ನಾಲ್ಕು ಮಂದಿ ಸಾಕು. ಅಪರಾಧಿ ಮೊದಲ 2,000 ಪದಗಳೊಳಗೆ ಮಾತಾಡಿರಬೇಕು. ಉಳಿದ ಮೂವರಿಗೂ ಕಳವಿಗೆ ಸಂಬಂಧವಿಲ್ಲದ ಒಂದೊಂದು ಗುಟ್ಟು ಕೊಡಿ. ಲೈಟಿಂಗ್ ಹುಡುಗ ಆ ಸಂಜೆ ನಿಜಕ್ಕೂ ಚಂದ್ರನನ್ನು ಕಂಡು, ಹೆದರಿ, ಹೊರಗೆ ಇರಲೇ ಇಲ್ಲವೆಂದು ಸುಳ್ಳು ಹೇಳುತ್ತಾನೆ. ಊರು ಅವನನ್ನೇ ಕಳ್ಳನೆನ್ನುತ್ತದೆ, ಅಪವಾದ ಫಲಿಸುತ್ತದೆ. ಈ ಕಥೆಯಲ್ಲಿ ಓದುಗರ ಎದೆ ಮಿಡಿಯುವುದು ಕಿರೀಟಕ್ಕಲ್ಲ, ಈ ಹುಡುಗನಿಗೆ. ಆದ್ದರಿಂದ ಅವನ ಪುಟಗಳಲ್ಲಿ ಜಿಪುಣತನ ಮಾಡಬೇಡಿ.

ಬಯಲು ಮಾಡುವ ದೃಶ್ಯ ಕೆರೆಯ ದಂಡೆಯಲ್ಲಿ ಬೇಡ. ಮೆರವಣಿಗೆಯ ತಮಟೆಯಲ್ಲಿ ಯಾರ ಮಾತೂ ಕೇಳುವುದಿಲ್ಲ. ವಿಸರ್ಜನೆಯ ಪೂಜೆ ಮುಗಿದು, ಭಟ್ಟರು ಮೂರ್ತಿಯನ್ನು ಕದಲಿಸಿ, ಟ್ರ್ಯಾಕ್ಟರಿಗೆ ಏರಿಸುವ ಮುಂಚಿನ ಹತ್ತು ನಿಮಿಷ ಅದಕ್ಕೆ ಸರಿಯಾದ ಹೊತ್ತು. ಅಕ್ಕ ಕೇಳುವುದು ಒಂದೇ: "ಅಣ್ಣಾ, ಹಾರ ತೆಗೀಲಾ?"